ಪರೀಕ್ಷೆಗೆ ಹೋದ ಮಣ್ಣು

ಅನುಮಾನಪಡುವುದಕ್ಕೇ ಸಂಬಳ ಬರುವ ನೌಕರಿ ನನ್ನದು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಬೇಕು. ಈ ವಿದ್ಯೆ ಕಲಿತದ್ದು ಸಿಕಂದರಾಬಾದಿಗೆ ಹತ್ತಿರದ ಅಮೀರ್‌ಪೇಟಿನಲ್ಲಿ. ಆಗೆಲ್ಲ ಅಲ್ಲಿ ಬಸ್ಸಿಗೆಂದು ತುಸು ಹೊತ್ತು ನಿಂತರೂ ಯಾರಾದರೂ ಬಂದು ಯಾವುದಾದರೊಂದು ಕಂಪ್ಯೂಟರ್ ಕೋರ್ಸಿಗೆ ಸೇರಿಸಿಬಿಡುತ್ತಿದ್ದರು. ಕಲಿತ ವಿದ್ಯೆ ಆಫೀಸಿನಲ್ಲೇ ಬಿಟ್ಟುಬರುವಂಥದ್ದಲ್ಲ. ಮನೆಯಲ್ಲಿ ಹಾಲಿನ ಮೇಲೆ ಅನುಮಾನ, ತೊಗರಿಬೇಳೆಯ ಮೇಲೆ ಅನುಮಾನ. ಕೊನೆಗೆ ಅದು ನಮ್ಮ ಮಾವನವರ ಗೋವಿನಜೋಳದ ಮೇಲೂ ಬಿತ್ತು.

ಮಾವನವರು ಹಾವೇರಿ ಕಡೆಯವರು. ಸಿಕಂದರಾಬಾದಿನಲ್ಲಿ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರೇ, ಪಕ್ಕದ ಖಾಲಿ ಸೈಟಿನ ಮಾಲೀಕರನ್ನು ಒಪ್ಪಿಸಿ ಅಲ್ಲಿ ಸೆಣಬು ಬಿತ್ತಿದರು. ಅದು ಹೂ ಬಿಡುವ ಹೊತ್ತಿಗೆ ಕಡಿದು, ಹಸಿರುಗೊಬ್ಬರವಾಗಲೆಂದು ಮಣ್ಣಿನಲ್ಲೇ ಮುಚ್ಚಿ, ಕೊಳೆತ ಮೇಲೆ ಗೋವಿನಜೋಳ ಊರಿದರು. "ಸುಟ್ಟ ತೆನಿ ತಿನ್ನಾಕ ಬರ್ರಿ" ಎಂದು ಕಾಲೊನಿಗೆಲ್ಲ ಆಮಂತ್ರಣವೂ ಹೋಯಿತು. ಎದುರುಮನೆಯ ತೆಲುಗು ಮೇಷ್ಟ್ರಂತೂ ದಿನಾ ಕಾಂಪೌಂಡಿನ ಮೇಲಿಂದ ಇಣುಕಿ, "ಕಂಕುಲು ಎಪ್ಪುಡು ಸಾರ್?" ಎಂದು ತೆಲುಗಿನಲ್ಲೇ ತೆನೆ ಯಾವಾಗೆಂದು ಕೇಳಿ, ಅದರ ಯೋಗಕ್ಷೇಮ ವಿಚಾರಿಸುತ್ತಿದ್ದರು. ಇಷ್ಟಾದ ಮೇಲೆ ತೆನೆ ಕೈಕೊಟ್ಟರೆ ಮಾವನವರು ತಲೆಯೆತ್ತಿ ತಿರುಗುವ ಹಾಗಿರಲಿಲ್ಲ.

ಪೈರು ಮೊಣಕಾಲೆತ್ತರ ಬಂದಾಗ ಅವರು ಯೂರಿಯಾ ಬಕೆಟ್ಟು ಹಿಡಿದು ಹೊರಟರು. ಸೊಸೆಯಾದ ನಾನು ಅಡ್ಡ ನಿಂತೆ.

"ಮಾವಾರ, ಸೆಣಬು ಮಣ್ಣಿಗೆ ಸಾರಜನಕ ಕೊಡತೈತಿ ಅಂತ ನೀವ ಹೇಳಿದ್ರಿ. ಎಷ್ಟು ಕೊಟ್ಟೈತಿ ಅಂತ ನೋಡಲಾರದ ಮತ್ತ ಯೂರಿಯಾ ಹಾಕಿದ್ರ ಹೆಂಗರಿ?"

"ಮಣ್ಣಾಗ ಮುಚ್ಚಿದ್ದು ಎಷ್ಟು ಕೊಟ್ಟೈತಿ ಅಂತ ಯಾರನ್ನ ಕೇಳೂಣವಾ?" ಎಂದರು.

ಆ ಪ್ರಶ್ನೆ ನನ್ನ ತಲೆ ಹೊಕ್ಕಿತು. ನಿಜಕ್ಕೂ ಎಷ್ಟು? ಕೊಳೆತ ಸೊಪ್ಪು ಪೈರಿಗೆ ಬಡಿಸಿದ್ದೆಷ್ಟು, ಮಳೆ ತೊಳೆದುಕೊಂಡು ಹೋದದ್ದೆಷ್ಟು? ಊಟದ ಬಿಡುವಿನಲ್ಲಿ ಆಫೀಸಿನವರೆಲ್ಲ ಊರಾಚೆಯ ಮಣ್ಣಿಗೆ ಈಗೇನು ರೇಟು ಎಂದು ಮಾತಾಡುತ್ತಿದ್ದರೆ, ನಾನೊಬ್ಬಳು ಮಣ್ಣಿನೊಳಗಿನ ಸಾರಜನಕ ನೆನೆಯುತ್ತಾ ಮೊಸರನ್ನ ಕಲಸುತ್ತಿದ್ದೆ. ಮಣ್ಣು ಪರೀಕ್ಷೆ ಮಾಡುವವರನ್ನು ಫೋನಿನಲ್ಲಿ ವಿಚಾರಿಸಿದೆ. ಸಾಲುಗಳ ನಡುವೆ ಹಲವು ಕಡೆ ಅಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ತನ್ನಿ ಎಂದರು. ನನಗೋ ಬಸ್ಸಿನ ಅವಸರ. ಕೆಲಸವನ್ನು ಮಾವನವರಿಗೆ ಒಪ್ಪಿಸಿ ಹೊರಟೆ.

ವರದಿ ಬಂತು. ಸಾರಜನಕ ಧಾರಾಳವಾಗಿದೆ, ಯೂರಿಯಾ ಬೇಡ. ನಾನು ಉಬ್ಬಿಹೋದೆ. ಬಕೆಟ್ಟು ಅಟ್ಟ ಸೇರಿತು. ಆದರೆ ಸ್ವಲ್ಪ ದಿನದಲ್ಲೇ ಪೈರಿನ ಕೆಳಗಿನ ಎಲೆಗಳು ತುದಿಯಿಂದ ಹಳದಿಯಾಗತೊಡಗಿದವು. ಮಾವನವರು ಎಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಮೇಷ್ಟ್ರೂ ಇಣುಕುವುದು ನಿಲ್ಲಿಸಿದರು. ಪರೀಕ್ಷೆಯನ್ನೇ ಪರೀಕ್ಷಿಸಬೇಕೆಂದು ಕೇಳಿದೆ: "ಮಾವಾರ, ಮಣ್ಣು ಎಲ್ಲಿಂದ ತಗದ್ರಿ?"

"ತುಳಸಿಕಟ್ಟಿಯೊಳಗಿಂದ."

"ಅಯ್ಯ! ಅಲ್ಲಿ ದಿನಾ ಗೊಬ್ಬರದ ನೀರು ಹಾಕ್ತೀವಲ್ಲರಿ!"

"ಅದಕ್ಕಽ ತಗದೆ. ನಾಕ್ ಮಂದಿ ನೋಡೂ ಮಣ್ಣು. ಮನಿ ಮಾನ ಬ್ಯಾಡೇನವಾ? ನಿನ್ನ ನೋಡಾಕ ಬಂದಾಗ ನಿಮ್ಮಪ್ಪ ಹರಕ ಸೀರಿ ಉಡಿಸಿ ಕುಂದರಿಸಿದ್ನೇನು?"

ನನಗೆ ನಗು ತಡೆಯಲಾಗಲಿಲ್ಲ. ಮಣ್ಣು ಬಡವಾಗಿದೆ ಎಂದು ವರದಿ ಬಂದಿದ್ದರೆ ಗೆಲ್ಲುತ್ತಿದ್ದವರು ಅವರೇ. ಆದರೂ ಮನೆಯ ಮಾನದ ಮುಂದೆ ಸ್ವಂತ ವಾದವನ್ನೇ ಬಿಟ್ಟುಕೊಟ್ಟಿದ್ದರು! ಮರುದಿನ ಇಬ್ಬರೂ ಸಾಲುಗಳ ನಡುವೆ ಕುಕ್ಕರುಗಾಲಲ್ಲಿ ಕುಳಿತು ಅಗೆದೆವು. ಈ ಸಲದ ವರದಿಯ ಪ್ರಕಾರ ಸೆಣಬು ಕೊಟ್ಟಿತ್ತು, ಆದರೆ ಪೂರ್ತಿಯಲ್ಲ. ಅವರ ಬಕೆಟ್ಟಿನ ಅರ್ಧದಷ್ಟು ಯೂರಿಯಾ ಸಾಕಾಯಿತು. ಪೈರು ಮತ್ತೆ ಹಸಿರಾಯಿತು, ಮೇಷ್ಟ್ರು ಮತ್ತೆ ಇಣುಕಿದರು.

ಕಾಲೊನಿಯವರೆಲ್ಲ ತೆನೆ ತಿನ್ನಲು ಬಂದ ಸಂಜೆ ನಾನು ಆಫೀಸಿನಿಂದ ತಡವಾಗಿ ಬಂದೆ. ಅಮೆರಿಕದ ಗಿರಾಕಿಗಳ ಮುಂದೆ ನಮ್ಮ ಸಾಫ್ಟ್‌ವೇರ್ ಓಡಿಸಿ ತೋರಿಸುವ ದಿನವಾಗಿತ್ತದು. ಎಲ್ಲಿ ಮುಟ್ಟಿದರೆ ಅದು ಕೆಟ್ಟು ನಿಲ್ಲುತ್ತದೆಂದು ಇಡೀ ಆಫೀಸಿನಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ. ಆದ್ದರಿಂದ ಎಲ್ಲಿ ಮುಟ್ಟಬಾರದೆಂದು ಆರಿಸಿಕೊಟ್ಟವಳೂ ನಾನೇ. ಗಿರಾಕಿಗಳು ಚಪ್ಪಾಳೆ ತಟ್ಟಿ ಹೋದರು.

ಮಾವನವರು ಉಪ್ಪುಖಾರ ಸವರಿದ ತೆನೆ ಕೈಗಿಡುತ್ತಾ, "ಇವತ್ತೇನ್ ಮಾಡಿ ಬಂದ್ಯವಾ ಆಫೀಸ್‌ನ್ಯಾಗ?" ಎಂದರು.

"ತುಳಸಿಕಟ್ಟಿ ಮಣ್ಣು ತೋರಿಸಿ ಬಂದೆರಿ ಮಾವಾರ."

"ಚಲೋ ಮಾಡಿದಿ" ಎಂದು ಅವರು ತುಂಬ ಸಂತೋಷದಿಂದ ನನಗೆ ಇನ್ನೊಂದು ತೆನೆ ಸುಡಲು ಹೋದರು.