ಕೇಪು ಸಿಡಿಯಿತು, ಬಂದೂಕು ಹಾರಲಿಲ್ಲ

ವಾರಕ್ಕೆ ಒಬ್ಬರಾದರೂ ಗೋಣಿಚೀಲದಲ್ಲಿ ಸುತ್ತಿದ ಬಂದೂಕು ತಂದು ನನ್ನ ಟೇಬಲ್ ಮೇಲೆ ಇಟ್ಟು "ಹಾರವಲ್ದ್ರಿ" ಅನ್ನುತ್ತಾರೆ. ಯಾಕೆ ಹಾರುತ್ತಿಲ್ಲ, ಏನು ಮಾಡಿದಿರಿ ಎಂದು ಕೇಳಿದರೆ "ಏನೂ ಮಾಡಿಲ್ರಿ" ಅನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಏನೂ ಮಾಡದವರ ಬಂದೂಕುಗಳನ್ನೇ ರಿಪೇರಿ ಮಾಡುತ್ತಾ ಬಂದಿದ್ದೇನೆ.

ಗೋಕಾಕದಲ್ಲಿ ಒಂದೇ ಶಟರಿನ ಸಣ್ಣ ಬಂದೂಕು ರಿಪೇರಿ ಅಂಗಡಿ ನನ್ನದು. ಅಪ್ಪ ಮಾಡುತ್ತಿದ್ದ ಕೆಲಸ. ಅವರ ಕೈ ನಡುಗಲು ಶುರುವಾದಾಗ ನಾನು ಕಲಿತೆ. ಅವರು ಹೋದ ಮೇಲೆ ಅಂಗಡಿಯ ಲೈಸೆನ್ಸು ನನ್ನ ಹೆಸರಿಗೆ ಬಂತು. ನನ್ನಲ್ಲಿಗೆ ಬರುವವೆಲ್ಲ ಬೆಳೆ ಕಾಯಲು ಲೈಸೆನ್ಸು ಪಡೆದ ಹಳೇ ಬಂದೂಕುಗಳು. ಮುಂದಿನ ಬಾಯಿಂದ ಮದ್ದು ಸುರಿದು, ಚಿಂದಿ ತುರುಕಿ, ಗಜ ಎಂಬ ಉದ್ದ ಸಲಾಕೆಯಿಂದ ಜಡಿಯಬೇಕು. ಹಿಂದುಗಡೆ ಸಣ್ಣ ತೂತಿನ ತುದಿಗೆ ಒಂದು ಕೇಪು, ಅಂದರೆ ಸಿಡಿಯುವ ಮಸಾಲೆ ಇರುವ ಪುಟ್ಟ ತಾಮ್ರದ ಟೊಪ್ಪಿಗೆ, ಕೂಡಿಸಬೇಕು. ಕುದುರೆ ಎಳೆದು ಬಿಟ್ಟರೆ ಅದು ಕೇಪಿನ ಮೇಲೆ ಬಿದ್ದು, ಕೇಪು ಸಿಡಿದು, ಕಿಡಿ ಆ ತೂತಿನಿಂದ ಒಳಗೆ ಹೋಗಿ ಮದ್ದಿಗೆ ಮುಟ್ಟುತ್ತದೆ. ಇಷ್ಟೇ. ಇಷ್ಟರಲ್ಲಿ ಕೆಡುವ ಜಾಗ ನಾಲ್ಕು: ಕುದುರೆ, ಕೇಪು, ತೂತು, ಮದ್ದು. ಐದನೆಯದು ಮಾಲಕರು. ಅದಕ್ಕೆ ನನ್ನಲ್ಲಿ ಹತಾರ ಇಲ್ಲ.

ಮಿಸ್ತ್ರಿ ಎಲ್ಲಿ?

ಹತ್ತರಗಿಯ ರೈತರೊಬ್ಬರು ಬಂದರು. ದೊಡ್ಡ ಮೀಸೆ, ಹೆಗಲ ಮೇಲೆ ಬಂದೂಕು.

"ಮಿಸ್ತ್ರಿ ಎಲ್ಲಿ ಹೋಗ್ಯಾರ್ರಿ?"

"ನಾನ ಮಿಸ್ತ್ರಿ. ತಗೀರಿ, ನೋಡೂಣು."

ಅವರು ನಕ್ಕರು. "ಚಾಷ್ಟಿ ಮಾಡಬ್ಯಾಡ್ರಿ ಬಾಯಾರ. ಅವರು ಬರೂತನಕ ಕುಂದರ್ತೇನಿ."

ಬಾಕಿನ ಮೇಲೆ ಅರ್ಧ ತಾಸು ಕುಳಿತರು. ಅವರ ಎದುರಿಗೇ ನಾನು ಇನ್ನೊಬ್ಬರ ಬಂದೂಕಿನ ಕುದುರೆ ಬಿಚ್ಚಿ, ಸ್ಪ್ರಿಂಗ್ ತೆಗೆದು, ಒಂದೊಂದಾಗಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಅವರು ಅದನ್ನು ನೋಡಿ ಕಳವಳಪಟ್ಟು, "ಮಿಸ್ತ್ರಿ ಬರೂದರಾಗ ಎಲ್ಲಾ ಜೋಡಿಸಿ ಇಡ್ರಿ. ಬೈದಾರು," ಎಂದು ಬುದ್ಧಿ ಹೇಳಿದರು. ಆಮೇಲೆ ಎದ್ದು ಹೊರಗೆ ಹೋಗಿ, ಬೋರ್ಡಿನ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದರು. ನನ್ನ ಟೇಬಲ್ ಮೇಲಿನ ಫೋನು ರಿಂಗಾಯಿತು.

"ಹಲೋ," ಅಂದೆ.

"ಮಿಸ್ತ್ರಿ ಅದಾರೇನ್ರಿ?"

"ಮಾತಾಡ್ರಿ."

"ನಾ ಹತ್ತರಗಿಯಿಂದ ಬಂದೇನ್ರಿ. ಇಲ್ಲೆ ನಿಮ್ಮ ಅಂಗಡಿ ಮುಂದ ನಿಂತೇನಿ. ಒಳಗ ಒಬ್ಬಾಕಿ ಹೆಣ್ಣಮಗಳು ಯಾರದೋ ಬಂದೂಕು ಬಿಚ್ಚಿ ಹಾಳ ಮಾಡಾಕತ್ತಾಳ. ಲಗೂನ ಬರ್ರಿ."

"ಹಿಂದ ಹೊಳ್ಳಿ ನೋಡ್ರಿ."

ಹೊಳ್ಳಿ ನೋಡಿದರು. ನನ್ನ ಕಿವಿಯಲ್ಲಿ ಫೋನು, ಅವರ ಕಿವಿಯಲ್ಲಿ ಫೋನು. ಇಳಿಸಬೇಕೆಂದು ಅವರಿಗೆ ಹೊಳೆಯಲಿಲ್ಲ. ನನ್ನ ಮುಖ ನೋಡುತ್ತಲೇ ಫೋನಿನಲ್ಲಿ ಕೇಳಿದರು, "ಹಂಗಾರ ಬಂದೂಕು ಇವರ ಕೈಯಾಗ ಕೊಡ್ಲೇನ್ರಿ?"

"ಕೊಡ್ರಿ," ಎಂದು ನಾನೂ ಫೋನಿನಲ್ಲೇ ಹೇಳಿದೆ.

ಬಂದೂಕಿಗೆ ಬಂದ ರೋಗವೇನೆಂದರೆ ಪೂಜೆ. ಕೇಪು ಕೂಡಿಸುವ ತೂತಿನಲ್ಲಿ ಅರಿಷಿಣ, ಕುಂಕುಮ ಮೆತ್ತಿಕೊಂಡು ಕಲ್ಲಾಗಿತ್ತು. ಕಿಡಿ ಹೋಗಲು ಸೂಜಿಮೊನೆಯಷ್ಟೂ ಜಾಗ ಇರಲಿಲ್ಲ. ಸಣ್ಣ ತಂತಿಯಿಂದ ಕೆದರಿ, ಬಿಸಿನೀರಲ್ಲಿ ತೊಳೆದು, ಒಣಗಿಸಿ, ಹಿತ್ತಲಲ್ಲಿ ಮಣ್ಣಿನ ಗುಡ್ಡೆಗೆ ಒಂದು ಈಡು ಹಾರಿಸಿ ತೋರಿಸಿದೆ. ಇನ್ನು ಮುಂದೆ ತೂತು ಬಿಟ್ಟು ಉಳಿದ ಕಡೆ ಕುಂಕುಮ ಹಚ್ಚಿರಿ ಎಂದೆ. ಅವರು ಎಲ್ಲಕ್ಕೂ ತಲೆ ಆಡಿಸಿ, ಬಂದೂಕನ್ನು ಹೆಗಲಿಗೇರಿಸಿ, ಮೆಟ್ಟಿಲಿಳಿಯುವಾಗ ಹೇಳಿದರು:

"ಕೆಲಸ ಚೊಲೊ ಆಗೇತಿ ಅಂತ ಮಿಸ್ತ್ರಿ ಬಂದ ಮ್ಯಾಲ ಹೇಳ್ರಿ."

ಕುಂತು ನೋಡಿದ ತೋಳ

ದಡ್ಡಿಯ ಕಡೆಯ ಕುರುಬರ ಅಜ್ಜ ಒಬ್ಬರು. ಕುರಿಹಟ್ಟಿಯ ಹತ್ತಿರ ತೋಳ ಸುಳಿದರೆ ಸಪ್ಪಳ ಮಾಡಿ ಓಡಿಸಲು ಬಂದೂಕು. ಅದನ್ನು ಟೇಬಲ್ ಮೇಲೆ ಇಟ್ಟಾಗ ಕೆಳಗಿದ್ದ ಪೇಪರು ಎಣ್ಣೆಯಲ್ಲಿ ತೊಯ್ದುಹೋಯಿತು.

"ಏನ ಹಾಕೀರಿ ಅಜ್ಜಾರ ಇದರೊಳಗ?"

"ಶೇಂಗಾ ಎಣ್ಣಿ ಯವ್ವಾ. ಮನ್ಯಾಗ ಗಾಣದಿಂದ ತಂದದ್ದು. ಕಬ್ಬಿಣ ತುಕ್ಕ ಹಿಡಿಬಾರದಂತ ಒಂದ ವಾಟಗ ಸುರದೇನಿ."

ತಿರುಪು ಇರುವ ಗಜ ಹಾಕಿ ಒಳಗಿನದನ್ನು ಹೊರಗೆ ಎಳೆದೆ. ಮದ್ದು ಎಣ್ಣೆಯಲ್ಲಿ ಕಲಸಿದ ಚಟ್ನಿಪುಡಿಯ ಹಾಗೆ ಬಂತು. ಜೊತೆಗೆ ರೊಟ್ಟಿ ಒಂದೇ ಕಡಿಮೆ.

"ತೋಳ ಬಂದಿತ್ತೇನ್ರಿ?"

"ಬಂದಿತ್ತವ್ವಾ. ಹಟ್ಟಿ ಬಾಜೂ ನಿಂತಿತ್ತು. ಒಂದ ಕೇಪ ಹೊಡದೆ, ಟಕ್ ಅಂತು, ಅಷ್ಟ. ಇನ್ನೊಂದ ಹೊಡದೆ, ಟಕ್. ಮೂರನೇದ್ದು ಹಾಕೂವಾಗ ಅದು ಕುಂತು ನೋಡಾಕತ್ತಿತು. ಸಿಟ್ಟ ಬಂತು, ಹೊಚಕೊಂಡಿದ್ದ ಕಂಬಳಿ ತಗದು ಒಗದೆ. ಓಡಿ ಹೋತು."

ಅಂದರೆ ಬಂದೂಕು ಹಾರಲಿಲ್ಲ, ಕಂಬಳಿ ಹಾರಿತು. ಕುರಿಗಳು ಉಳಿದವು. ಆದರೆ ಮುಂದಿನ ಸಲ ಕಂಬಳಿಗೆ ತೋಳ ಹೆದರದಿದ್ದರೆ? ಅಜ್ಜನನ್ನು ಕೂರಿಸಿಕೊಂಡು ನಿಧಾನವಾಗಿ ತಿಳಿಸಿ ಹೇಳಿದೆ: ಎಣ್ಣೆ ಬೇಡ ಎನ್ನುವುದಿಲ್ಲ, ಬಟ್ಟೆಗೆ ಎರಡು ಹನಿ ಹಾಕಿ ಒಳಗೆ ಒರೆಸಿರಿ. ಮದ್ದು ತುಂಬಿ ಬಾರು ಮಾಡುವ ಮೊದಲು ಒಣ ಬಟ್ಟೆ ಹಾಕಿ ಅದನ್ನು ಪೂರ್ತಿ ಒರೆಸಿ ತೆಗೆಯಿರಿ. ಎಣ್ಣೆ ಉಳಿದರೆ ಮದ್ದು ಹತ್ತುವುದಿಲ್ಲ.

ಅಜ್ಜ ಬೆರಳು ಮಡಚಿ ಲೆಕ್ಕ ಹಾಕಿದರು.

"ಹಾಕಬೇಕು, ಹಾಕಿದ್ದನ್ನ ಒರಸಿ ತಗೀಬೇಕು."

"ಹೂನ್ರಿ."

"ಒರಸೂದ ಖರೆ ಇದ್ರ, ಹಾಕೂದ್ಯಾಕ ಯವ್ವಾ?"

ನಾಲ್ಕು ಸಲ ವಿವರಿಸಿದೆ. ಐದನೆಯ ಸಲ ಹೇಳುವಾಗ ನನಗೇ ಸಂಶಯ ಬರತೊಡಗಿತು. ಚಹಾ ತರಿಸಿದೆ.

ಮಾಸ್ತರರ ಮನೆ ಹೊರಗೆ

ಅರಭಾವಿಯ ನಿವೃತ್ತ ಮಾಸ್ತರರು ಫೋನ್ ಮಾಡಿದರು. ತೋಟಕ್ಕೆ ಮಂಗಗಳ ಕಾಟವೆಂದು ಅವರ ಅಣ್ಣನ ಬಂದೂಕಿನ ಲೈಸೆನ್ಸನ್ನು ಹೊಸದಾಗಿ ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು.

"ಕೇಪು ಸಿಡೀತೈತಿ, ಬಂದೂಕು ಹಾರವಲ್ದು. ಏನ ಮಾಡ್ಲಿ?"

"ಈಗ ಕೈಯಾಗ ಐತೇನ್ರಿ?"

"ಐತಿ. ಒಳಗ ಏನಾಗೇತಿ ಅಂತ ನೋಡಾಕತ್ತೇನಿ. ಬಾಳ ಕತ್ತಲಿ ಐತಿ. ತಡೀರಿ, ಮೊಬೈಲ್ ಬ್ಯಾಟರಿ ಹಚ್ಚತೇನಿ."

"ಮಾಸ್ತರ್ರ, ನಿಮ್ಮ ಮುಖ ಈಗ ಎಲ್ಲೈತಿ?"

"ಬಂದೂಕಿನ ಬಾಯಿ ಮುಂದ."

ಧ್ವನಿ ಏರಿಸದೆ ಹೇಳಿದೆ. ಏರಿಸಿದರೆ ಬೆಚ್ಚಿ ಕುದುರೆ ಮುಟ್ಟಿಯಾರು ಎಂಬ ಭಯ. "ಮುಖ ಬಾಜೂಕ ತಗೀರಿ. ಕೇಪು ಸಿಡಿದ ಮ್ಯಾಲ ಬಂದೂಕು ತಡಾ ಮಾಡಿ ಹಾರೂದೂ ಇರತೈತಿ. ಯಾರೂ ಇಲ್ಲದ ಕಡೆ ಬಾಯಿ ತಿರುಗಿಸಿ, ನೆಲದ ಮ್ಯಾಲ ಮಲಗಿಸಿ ದೂರ ಬರ್ರಿ. ಯಾರೂ ಹತ್ತರ ಹೋಗಬಾರದು. ನಾ ಬರಾಕತ್ತೇನಿ."

ಸಿಕ್ಕ ಬಸ್ಸು ಹತ್ತಿ ಹೋದೆ. ಮನೆ ಮುಂದಿನ ರಸ್ತೆಯಲ್ಲಿ ಮಾಸ್ತರರು, ಅವರ ಹೆಂಡತಿ, ಮಗ, ಸೊಸೆ, ಪಕ್ಕದ ಎರಡು ಮನೆಯವರು, ಎಲ್ಲರೂ ಚಾಪೆ ಹಾಸಿಕೊಂಡು ಕುಳಿತಿದ್ದರು. ಅಡಿಗೆ ಒಲೆಯ ಮೇಲೆ ಅರ್ಧಕ್ಕೇ ನಿಂತಿತ್ತಂತೆ. ಒಳಗೆ ಹೋದರೆ ಬಂದೂಕು ನೆಲದ ಮೇಲಿರಲಿಲ್ಲ. ಮಂಚದ ಮೇಲೆ, ತಲೆದಿಂಬಿನ ಮೇಲೆ ಮಲಗಿತ್ತು, ಮೇಲೆ ಚಾದರ.

"ಮಲಗಸ್ರಿ ಅಂದಿದ್ರಿ," ಎಂದರು ಮಾಸ್ತರರು ಬಾಗಿಲಾಚೆಯಿಂದ.

ಮಗ್ಗುಲಲ್ಲಿ ನಿಂತು ಹುಷಾರಾಗಿ ಒಳಗಿನದನ್ನು ಎಳೆದು ತೆಗೆದೆ. ಚಿಂದಿ ಬಂತು. ಅದರ ಹಿಂದೆ ಇನ್ನೊಂದು ಚಿಂದಿ ಬಂತು. ಮದ್ದು ಬರಲಿಲ್ಲ. ಮದ್ದಿನ ಡಬ್ಬಿ ಕಪಾಟಿನಲ್ಲಿತ್ತು, ಸೀಲು ಒಡೆದಿರಲಿಲ್ಲ.

"ಮದ್ದ ಹಾಕಾಕ ಮರತೀರಿ ಮಾಸ್ತರ್ರ."

ಅವರ ಹೆಂಡತಿ ಚಾಪೆ ಸುತ್ತುತ್ತ ನನಗೆ ಹೇಳಿದರು, "ಪ್ರಶ್ನಿ ಪೂರ್ತಿ ಓದಿ ಉತ್ತರಾ ಬರೀರಿ ಅಂತ ಮೂವತ್ತ ವರ್ಷ ಹುಡುಗ್ರಿಗೆ ಬಡದವ್ರ ಇವರು."

ರುಚಿ

ಇದು ಸಣ್ಣದು. ಹುಕ್ಕೇರಿಯ ಒಬ್ಬರು ಕೇಪು ಸಿಡಿಯುತ್ತಿಲ್ಲ ಎಂದು ಬಂದರು. ಕೇಪು ತೋರಿಸಿರಿ ಎಂದರೆ ಕಿಸೆಯಿಂದ ಎಲೆ ಅಡಿಕೆಯ ಚಂಚಿ ತೆಗೆದು, ಅದರೊಳಗಿನ ಸುಣ್ಣದ ಡಬ್ಬಿಯಿಂದ ಒಂದೊಂದಾಗಿ ಎಣಿಸಿ ಕೊಟ್ಟರು. ಪ್ರತಿ ಕೇಪಿನ ಹೊಟ್ಟೆಯಲ್ಲೂ ಹಸಿ ಸುಣ್ಣ.

"ಇದರಾಗ ಯಾಕ ಇಟ್ಟೀರ್ರಿ?"

"ಕಳೀಬಾರದು ಅಂತ್ರಿ. ಬಾಕಿ ಎಲ್ಲಾ ಕಳೀತೇನಿ, ಈ ಡಬ್ಬಿ ಒಂದ ಕಳೀಲಾರೆ."

"ಕೇಪಿನೊಳಗ ಒಂದ ಮಸಾಲಿ ಇರತೈತಿ. ಅದು ಸುಣ್ಣದಾಗ ಕೆಟ್ಟ ಹೋಗೇತಿ. ಇವನ್ನ ಒಗದು ಬ್ಯಾರೆ ತಗೋರಿ. ಸುಣ್ಣಾನೂ ಒಗೀರಿ, ಆ ಮಸಾಲಿ ಹೊಟ್ಟಿಗೆ ಹೋಗಬಾರದು."

ಅವರು ಡಬ್ಬಿಯನ್ನು ಹೊರಳಿಸಿ ನೋಡಿ, ನಾಲಿಗೆಯಿಂದ ತುಟಿ ಸವರಿಕೊಂಡು ಅಂದರು: "ಅದಕ್ಕ ಮತ್ತ, ಈ ತಿಂಗಳು ಎಲಿ ಬಾಳ ಖಡಕ್ ಹತ್ತಾಕತ್ತಿತ್ತು."

ಮೂಡಲಗಿಯ ಥಂಡಿ

ಮೂಡಲಗಿ ಕಡೆಯ ಗೋವಿನಜೋಳದ ರೈತರೊಬ್ಬರು ಒಂದೇ ಬಂದೂಕನ್ನು ಎರಡು ತಿಂಗಳಲ್ಲಿ ನಾಲ್ಕು ಸಲ ತಂದರು. ಕಾಡುಹಂದಿ ಹೆದರಿಸಲು ದಿನಾ ಸಂಜೆ ಬರೀ ಮದ್ದು ಹಾಕಿ ಗಾಳಿಯಲ್ಲಿ ಹಾರಿಸುವುದು ಅವರ ರೂಢಿ. ಪ್ರತಿ ಸಲವೂ ಒಳಗೆ ಮದ್ದು ನೆನೆದಿರುತ್ತಿತ್ತು. ತೆಗೆದು, ತೊಳೆದು, ಒಣಗಿಸಿ ಹಿತ್ತಲಲ್ಲಿ ಹಾರಿಸಿದರೆ ಬರೋಬ್ಬರಿ ಹಾರುತ್ತಿತ್ತು. ಮನೆಗೆ ಹೋದ ಎರಡು ದಿನಕ್ಕೆ ಮತ್ತೆ ಅದೇ ಕತೆ. ಮದ್ದು ಬದಲಿಸಿರಿ ಎಂದೆ, ಬದಲಿಸಿದರು. ಕೇಪು ಬದಲಿಸಿರಿ ಎಂದೆ, ಅದನ್ನೂ ಬದಲಿಸಿದರು. ನಾಲ್ಕನೆಯ ಸಲ ಬಂದವರು ಕೂಡಲೂ ಇಲ್ಲ.

"ನಿಮ್ಮಪ್ಪಾರ ಇದ್ದಾಗ ಹಿಂಗ ಆಗತಿದ್ದಿಲ್ಲ. ಈಗ ನಮ್ಮ ಕಡೆ ಮಂದಿ ಮಾತಾಡಾಕತ್ತಾರ, ಗೋಕಾಕದಾಗ ಕೊಟ್ರ ಬಂದೂಕು ಕೆಡತೈತಿ ಅಂತ."

ಅವತ್ತೂ ತೊಳೆದು, ಒಣಗಿಸಿ ಕೊಟ್ಟು ಕಳಿಸಿದೆ. ಮರುದಿನ ಅಂಗಡಿ ಮುಚ್ಚಿ, ಹತಾರದ ಚೀಲ ಹಿಡಿದು ಅವರ ಹೊಲದ ಮನೆಗೇ ಹೋದೆ. ಬಂದೂಕು ಪಡಸಾಲೆಯ ಗೂಟಕ್ಕೆ ತೂಗುಹಾಕಿತ್ತು. ಮಧ್ಯಾಹ್ನವೇ ಬಾರು ಮಾಡಿ ಇಟ್ಟಿದ್ದರಂತೆ. ಬಾರು ಮಾಡಿದ ಬಂದೂಕನ್ನು ಮನೆಯಲ್ಲಿ ತೂಗುಹಾಕಬಾರದು ಎಂದು ನಾಲ್ಕು ಸಲವೂ ಹೇಳಿದ್ದೆ. ಅದು ಬೇರೆ ಮಾತು. ಅವರು ಹೊಲಕ್ಕೆ ನೀರು ಬಿಡಲು ಹೋದಾಗ ನಾನು ಅಂಗಳದಲ್ಲಿ ಕುಳಿತು ಒಳಗಿನದನ್ನು ಎಳೆದೆ. ಮದ್ದು ಅಂಬಲಿಯಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಹುಳಿ ವಾಸನೆ.

ಅವರ ಹೆಂಡತಿ ಮಜ್ಜಿಗೆ ತಂದು ಕೊಟ್ಟು ಪಕ್ಕದಲ್ಲೇ ನಿಂತಿದ್ದಳು. ಒಂದು ಕೈಯಲ್ಲಿ ಲೋಟ, ಒಂದು ಕೈಯಲ್ಲಿ ಮದ್ದು ಹಿಡಿದು ನಾನು ಎರಡನ್ನೂ ಮೂಸಿದೆ. ಆಮೇಲೆ ಅವಳ ಮುಖ ನೋಡಿದೆ.

"ಒಂದ ಚಮಚ ಅಷ್ಟ ಹಾಕತೇನ್ರಿ ಅಕ್ಕಾರ," ಅಂದಳು. "ಜಾಸ್ತಿ ಹಾಕೂದಿಲ್ಲ."

"ಯಾಕವಾ?"

"ಸಂಜಿಮುಂದ ನಾ ಎಮ್ಮಿ ಹಿಂಡಾಕ ಕುಂದರೂದು, ಇವರು ಅದ ಹೊತ್ತಿಗೆ ಢಂ ಅನಸೂದು. ಎಮ್ಮಿ ಬೆದರಿ ಒದೀತೈತಿ. ಎರಡ ಸರ್ತಿ ಚರಗಿ ಹಾಲ ಚೆಲ್ಲಿತು. ಮೂರನೇ ಸರ್ತಿ ಇದು." ಸೀರೆ ಸ್ವಲ್ಪ ಎತ್ತಿ ಮೊಣಕಾಲು ತೋರಿಸಿದಳು. ಒದೆತಕ್ಕೆ ಕಂದಿ ಹಸಿರುಗಟ್ಟಿತ್ತು.

"ಅವರಿಗೆ ಹೇಳಬಾರದೇನು?"

"ಹೇಳೇನ್ರಿ. ರೂಢಿ ಆಗತೈತಿ ಅಂದ್ರು. ಎಮ್ಮಿಗೆ ಆಗಿಲ್ಲ, ನನಗೂ ಆಗಿಲ್ಲ."

"ನೀರ ಹಾಕಿದ್ರ ಸಾಕಾಗತಿತ್ತಲ್ಲ?"

"ಮೊದಲ ನೀರ ಹಾಕಿ ನೋಡಿದೆ. ಲಗೂ ಒಣಗತೈತಿ. ಮಜ್ಜಿಗಿ ಹಿಡಕೊಂಡ ಕುಂದರತೈತಿ."

ಇಷ್ಟು ವರ್ಷದಲ್ಲಿ ಕಾರಣ ಮತ್ತು ಪರಿಣಾಮವನ್ನು ಇಷ್ಟು ಸ್ಪಷ್ಟವಾಗಿ ನನಗೆ ಹೇಳಿದವರು ಅವಳೊಬ್ಬಳೇ. ಅಷ್ಟರಲ್ಲಿ ಯಜಮಾನರು ಬಂದರು. "ಏನ ಸಿಕ್ತ್ರಿ?"

ಹೇಳಿದರೆ ಅಂಗಡಿಯ ಹೆಸರು ಉಳಿಯುತ್ತದೆ. ಆದರೆ ಅವಳ ಮೊಣಕಾಲು ಕಣ್ಣಿಂದ ಹೋಗಲಿಲ್ಲ.

"ಥಂಡಿ ಹತ್ತೇತ್ರಿ," ಅಂದೆ. "ಈ ಮನಿ ಹವಾ ಬರೋಬ್ಬರಿ ಇಲ್ಲ. ಹಾಲ ಹಿಂಡೂದು ಮುಗದ ಮ್ಯಾಲ ಹೊಲದಾಗ ನಿಂತು ಬಾರು ಮಾಡಿ ಹಾರಸ್ರಿ, ಎಲ್ಲಾ ಚೊಲೊ ಆಗತೈತಿ."

"ಹಂದಿಗೆ ಹಾಲ ಹಿಂಡೂ ಟೈಮ್ ಗೊತ್ತಿಲ್ರಿ," ಅಂದರು ಅವರು. ಆಮೇಲೆ ಬಂದೂಕನ್ನು ಎತ್ತಿ ಹೆಂಡತಿಯ ಕೈಗೆ ಕೊಟ್ಟರು. "ನನಗ ಹೊಲದ ಕೆಲಸದಾಗ ಲಕ್ಷ್ಯ ಇರೂದಿಲ್ಲ. ಇನ್ನ ಮ್ಯಾಲ ಇದರ ಜ್ವಾಕಿ ನಿಂದು. ಥಂಡಿ ಹತ್ತಬಾರದು ನೋಡ."

ಅವಳು ಎರಡೂ ಕೈಯಿಂದ ತೆಗೆದುಕೊಂಡು, "ಆತ್ರಿ," ಅಂದಳು. ನನ್ನ ಕಡೆ ನೋಡಲಿಲ್ಲ. ನಾನು ಮಜ್ಜಿಗೆ ಕುಡಿದು ಬಸ್ಸು ಹತ್ತಿದೆ.

ಮೂರು ತಿಂಗಳ ಮೇಲೆ ಗೋಕಾಕದ ಸಂತೆಯಲ್ಲಿ ಯಜಮಾನರು ಸಿಕ್ಕರು. ತಪ್ಪಿಸಿಕೊಳ್ಳಲು ಆಗಲಿಲ್ಲ. "ಬಂದೂಕು ಹೆಂಗೈತ್ರಿ?" ಎಂದು ಕೇಳಿದೆ.

"ಹಾರವಲ್ದ್ರಿ," ಅಂದರು. "ಆದ್ರ ಈಗ ನಿಮ್ಮ ತಪ್ಪಂತ ನಾ ಅನ್ನೂದಿಲ್ಲ. ಹಳೇದಾಗೇತಿ ಅದು. ಮನ್ಯಾಗ ಆಕಿ ಪಾಪ, ಜ್ವಾಕಿ ಮಾಡೂದರಾಗ ಏನೂ ಕಡಿಮಿ ಮಾಡಿಲ್ಲ. ಒಂದ ದಿನಾನೂ ತಪ್ಪಸೂದಿಲ್ರಿ, ಸಂಜಿಮುಂದ ಹಾಲ ಹಿಂಡೂ ಮೊದಲ ತನ್ನ ಕೈಯಾರೆ ಬಂದೂಕಿನ ಒಳಗ ತೊಳದ ಇಡತಾಳ."