ಭಾವನ ಬೆನ್ನಿನ ಮೇಲೆ ನಾನು ಬರೆದ ಪ್ರಬಂಧ

ಬರೆಯಲು ಬರುತ್ತದೆ ಎಂದು ಒಮ್ಮೆ ಹೆಸರಾದವನ ಪಾಡು ಕಷ್ಟದ್ದು. ಅಡುಗೆ ಚೆನ್ನಾಗಿ ಮಾಡುವವರನ್ನು ಮದುವೆ ಮುಂಜಿಗೆ ಕರೆದು, ಊಟ ಮುಗಿದ ಮೇಲೆ ಬಿಟ್ಟುಬಿಡುತ್ತಾರೆ. ಬರೆಯುವವನನ್ನು ಮಾತ್ರ ಯಾರೂ ಬಿಡುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಅಶೋಕಪುರಂನ ನಮ್ಮ ಬೀದಿಯಲ್ಲಿ ಕರೆಂಟ್ ಬಿಲ್ ತಪ್ಪಾಗಿ ಬಂದರೂ, ಸಹಿ ಹೊಂದುವುದಿಲ್ಲ ಎಂದು ಬ್ಯಾಂಕಿನವರು ಚೆಕ್ ಹಿಂದಕ್ಕೆ ಕಳಿಸಿದರೂ ನಮ್ಮ ಮನೆಯ ಗೇಟು ಕಿರುಗುಟ್ಟುತ್ತದೆ. ಒಂದು ಸಲ ಗಂಡ ಹೆಂಡತಿ ಜಗಳವಾಡಿಕೊಂಡು ಠಾಣೆಗೆ ಹೋದಾಗ ಗಂಡನ ದೂರನ್ನೂ ಹೆಂಡತಿಯ ದೂರನ್ನೂ ನಾನೇ ಬರೆದುಕೊಟ್ಟಿದ್ದೆ. ಎರಡೂ ಓದಲು ಬಹಳ ಚೆನ್ನಾಗಿದ್ದವೆಂದು ಠಾಣೆಯ ರೈಟರ್ ಹೊಗಳಿದರಂತೆ. ಇದನ್ನೆಲ್ಲ ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದೆ, ಭಾವನ ಬೆನ್ನಿಗೆ ಕೈಹಾಕುವವರೆಗೆ.

ಭಾವ ಎಂದರೆ ನಮ್ಮ ಕಮಲಕ್ಕನ ಗಂಡ. ಅಕ್ಕ ನರ್ಸಿಂಗ್ ಓದಿ ಹೊರದೇಶದ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋದವಳು ಅಲ್ಲೇ ಒಬ್ಬ ಸೈನಿಕನನ್ನು ಮೆಚ್ಚಿ ಮದುವೆಯಾದಳು. ಯಾವ ದೇಶ ಎಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿಯವರು ಇದನ್ನು ಓದಿ ಇನ್ನೊಂದು ಕಾಗದ ಕೇಳಿದರೆ ಕೊಡುವ ಶಕ್ತಿ ನಮ್ಮ ಮನೆಯಲ್ಲಿ ಯಾರಿಗೂ ಉಳಿದಿಲ್ಲ. ಇಬ್ಬರೂ ಕೆಲಸದಿಂದ ನಿವೃತ್ತರಾದ ಮೇಲೆ ಮೈಸೂರಿಗೆ ಬಂದು, ಕೂಡಿಟ್ಟ ದುಡ್ಡಿನಲ್ಲಿ ಹಿನಕಲ್‌ನಲ್ಲಿ ಒಂದು ಸಣ್ಣ ಮನೆ ಕೊಂಡರು. ಭಾವನ ಹೆಸರು ಹೆನ್ರಿ. ನಮ್ಮ ಅಮ್ಮನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲವಾದ್ದರಿಂದ ಅದು ‘ಎನ್ರಿ’ ಆಯಿತು. ಅಕ್ಕ ವರಾಂಡದಲ್ಲಿ ನಿಂತು ‘ಹೆನ್ರೀ’ ಎಂದು ಕೂಗಿದರೆ ಹಿನಕಲ್‌ನವರಿಗೆಲ್ಲ ‘ಏನ್ರೀ’ ಎಂದೇ ಕೇಳಿಸುತ್ತಿತ್ತು. ಅಷ್ಟು ವರ್ಷ ಹೊರದೇಶದಲ್ಲಿದ್ದರೂ ಗಂಡನ ಹೆಸರು ಹೇಳದ ಹೆಣ್ಣುಮಗಳು ಎಂದು ಅಕ್ಕನಿಗೆ ಒಳ್ಳೆಯ ಹೆಸರು ಬಂತು. ಭಾವ ಕನ್ನಡ ಕಲಿತದ್ದು ಅಕ್ಕನಿಂದ ಅರ್ಧ, ತರಕಾರಿ ಅಂಗಡಿಯ ಪುಟ್ಟತಾಯಮ್ಮನಿಂದ ಅರ್ಧ. ಹಾಗಾಗಿ ಆರಡಿ ಎತ್ತರದ ಆ ಬಿಳಿಯ ಮನುಷ್ಯ ಬಾಗಿಲಲ್ಲಿ ಬಗ್ಗಿ ‘ಬಂದ್ಬುಟ್ಟೆ ಕಣೋ’ ಎಂದು ಒಳಗೆ ಬಂದರೆ ಹೊಸಬರು ಹಿಂದೆ ತಿರುಗಿ ನೋಡುತ್ತಿದ್ದರು, ಮಾತಾಡಿದವರು ಬೇರೆ ಯಾರೋ ಇರಬೇಕೆಂದು.

ಸೈನ್ಯದಲ್ಲಿದ್ದಾಗ ತರಬೇತಿಯಲ್ಲಿ ಲಾರಿ ಉರುಳಿ ಭಾವನ ಬೆನ್ನುಮೂಳೆಗೆ ಪೆಟ್ಟಾಗಿತ್ತು. ಗುಂಡು ತಾಗಿದ್ದಲ್ಲ ಎಂಬುದು ಅಮ್ಮನಿಗೆ ಸ್ವಲ್ಪ ಬೇಸರದ ಸಂಗತಿ. ಬೀದಿಯಲ್ಲಿ ಆಕೆ ಗುಂಡು ಎಂದೇ ಹೇಳಿದ್ದಾಳೆ. ಸೇವೆಯಲ್ಲಿದ್ದಾಗ ಆದ ಪೆಟ್ಟಿಗೆ ಮಾಜಿ ಸೈನಿಕ ಯಾವ ದೇಶದಲ್ಲಿದ್ದರೂ ಚಿಕಿತ್ಸೆಯ ಖರ್ಚನ್ನು ಅವರ ಸರ್ಕಾರ ಕೊಡುತ್ತದೆ. ಆದರೆ ಮೊದಲು ನಾವು ಕಟ್ಟಬೇಕು, ಆಮೇಲೆ ಬಿಲ್ಲು, ವೈದ್ಯರ ಟಿಪ್ಪಣಿ ಎಲ್ಲ ಕಳಿಸಬೇಕು, ಅವರು ಒಪ್ಪಿದರೆ ವಾಪಸು ಬರುತ್ತದೆ. ಅದೂ ಆ ಪೆಟ್ಟಿಗೆ ಮಾತ್ರ. ನೆಗಡಿ, ಸಕ್ಕರೆ ಕಾಯಿಲೆ, ಹಲ್ಲುನೋವು ಇವೆಲ್ಲ ನಮ್ಮ ಖರ್ಚು. ‘ಬೆನ್ನು ಮಾತ್ರ ಸರ್ಕಾರದ್ದು ಕಣೋ, ಮಿಕ್ಕಿದ್ ಮೈಯೆಲ್ಲ ನಂದು’ ಎನ್ನುತ್ತಿದ್ದಳು ಅಕ್ಕ.

ಹೋದ ವರ್ಷ ಸರ್ಕಾರದ ಭಾಗ ಕೈಕೊಟ್ಟಿತು. ಮೊದಲು ನೋವು, ಆಮೇಲೆ ಸ್ಕ್ಯಾನು, ಸೂಜಿ. ಬಿಲ್ಲುಗಳನ್ನು ಜೋಡಿಸಿ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅರ್ಜಿಯ ಜೊತೆ ನೋವು ಹೇಗೆ ಶುರುವಾಯಿತೆಂದು ಒಂದೆರಡು ಮಾತು ಬರೆಯಬಹುದು ಎಂದಿತ್ತು. ಒಂದೆರಡು ಮಾತೆ? ನಾನು ಕನ್ನಡಕ ಒರೆಸಿಕೊಂಡು ಕೂತೆ. ಚಾಮುಂಡಿ ಬೆಟ್ಟದ ಮೇಲೆ ಮಂಜು ಸರಿಯುತ್ತಿದ್ದ ಬೆಳಗಿನಿಂದ ಆರಂಭಿಸಿದೆ. ಅಂಥ ಬೆಳಗಿನಲ್ಲಿ ಹೆಂಡತಿಗೆ ತೊಂದರೆ ಕೊಡಬಾರದೆಂದು ಭಾವ ಗ್ಯಾಸ್ ಸಿಲಿಂಡರನ್ನು ಎರಡೂ ಕೈಯಲ್ಲಿ ಎತ್ತಿದ್ದು, ಆಗ ಬೆನ್ನಲ್ಲಿ ಒಣಕಟ್ಟಿಗೆ ಮುರಿದಂತೆ ಏನೋ ಆದದ್ದು, ಆದರೂ ಹಲ್ಲುಕಚ್ಚಿ ಸಿಲಿಂಡರನ್ನು ನಿಧಾನಕ್ಕೆ ನೆಲಕ್ಕಿಳಿಸಿದ್ದು, ಎಲ್ಲವನ್ನೂ ಬರೆದೆ. ಪುಟಗಳು ತುಂಬಿದವು. ಸೈನಿಕನ ಸಹನೆಯ ಬಗ್ಗೆ ಕೊನೆಯಲ್ಲಿ ಬರೆದ ವಾಕ್ಯವನ್ನು ನಾನೇ ಮತ್ತೆ ಮತ್ತೆ ಓದಿಕೊಂಡೆ. ಕಳಿಸಿದೆ. ಉತ್ತರಕ್ಕೆ ಕಾದೆವು. ಮಿಂಚಂಚೆಯ ವಿಳಾಸವೂ ನನ್ನದೇ ಕೊಟ್ಟಿದ್ದರಿಂದ ದಿನಾ ಬೆಳಿಗ್ಗೆ ಫೋನು ನೋಡುವುದು, ಹಿನಕಲ್‌ಗೆ ಫೋನು ಮಾಡಿ ‘ಇನ್ನೂ ಇಲ್ಲ ಭಾವ’ ಎನ್ನುವುದು ನಡೆದಿತ್ತು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಭಾವ ತರಕಾರಿ ತಂದು ವರಾಂಡ ಹತ್ತಿದರು. ಅಕ್ಕ ಚೀಲ ಇಸಿದುಕೊಳ್ಳಲು ಬಂದವಳು ಅವರ ಕಾಲು ನೋಡಿ ನಿಂತುಬಿಟ್ಟಳು. ಬಲಗಾಲಲ್ಲಿ ಚಪ್ಪಲಿ ಇತ್ತು, ಎಡಗಾಲಲ್ಲಿ ಇರಲಿಲ್ಲ. ಪಾದದಡಿ ಗಾಜಿನ ಚೂರು ಹೊಕ್ಕು ರಕ್ತ ಬರುತ್ತಿತ್ತು. ಚಪ್ಪಲಿ ಎಲ್ಲಿ ಕಳಚಿತೋ, ಗಾಜು ಎಲ್ಲಿ ಹೊಕ್ಕಿತೋ ಅವರಿಗೆ ಗೊತ್ತೇ ಇರಲಿಲ್ಲ. ‘ಚಪ್ಲಿ ಎಲ್ರೀ?’ ಎಂದಳು ಅಕ್ಕ. ಭಾವ ಕೆಳಗೆ ನೋಡಿಕೊಂಡು, ‘ಅಯ್ಯೋ, ಹಾಕ್ಕೊಂಡಿದ್ದೆ ಕಣೇ’ ಎಂದು ನಕ್ಕರು. ಅಕ್ಕ ನಗಲಿಲ್ಲ. ನರ್ಸಾಗಿದ್ದವಳಿಗೆ ಅದರ ಅರ್ಥ ಗೊತ್ತಿತ್ತು.

ನರ್ಸಿಂಗ್ ಹೋಮಿನ ಡಾಕ್ಟರ್ ಶಾಲಿನಿಯವರು ಹೊಸ ಸ್ಕ್ಯಾನು ನೋಡಿ, ಡಿಸ್ಕು ಜಾರಿ ನರವನ್ನು ಒತ್ತುತ್ತಿದೆ, ಆಪರೇಷನ್ ಬೇಗ ಆಗಬೇಕು, ತಡವಾದರೆ ಪಾದ ಮತ್ತೆ ಏಳುವ ಭರವಸೆ ಇಲ್ಲ ಎಂದರು. ಭಾವ ಆಯ್ತು ಎನ್ನಬಹುದೆಂದು ನಾವೆಲ್ಲ ಅವರ ಮುಖ ನೋಡಿದೆವು. ಅವರು ‘ಉತ್ತರ ಬರ್ಲಿ’ ಎಂದುಬಿಟ್ಟರು. ಅಕ್ಕ ಬಳೆ ಗಿರವಿ ಇಡುತ್ತೇನೆಂದಳು. ಬೇಡ ಎಂದರು. ನಾನು ನನ್ನ ಪಿಂಚಣಿಯ ಮಾತೆತ್ತಿದೆ. ನನ್ನನ್ನು ಅವರು ನೋಡಿದ ರೀತಿಗೆ ಆ ಮಾತನ್ನು ಮತ್ತೆ ಎತ್ತಲಿಲ್ಲ. ಸೈನ್ಯದಲ್ಲಿ ಹಟ ಕಲಿಸುತ್ತಾರೋ, ಹಟವಿದ್ದವರನ್ನೇ ಆರಿಸಿಕೊಳ್ಳುತ್ತಾರೋ ನನಗೆ ತಿಳಿಯದು. ದಿನ ಕಳೆದಂತೆ ಎಡಪಾದ ನೆಲಕ್ಕೆ ಉಜ್ಜತೊಡಗಿತು. ಅವರು ಮನೆಯೊಳಗೆ ಓಡಾಡುವಾಗ ಕೇಳುವ ಆ ಸದ್ದಿಗೆ ಅಕ್ಕ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಕೊನೆಗೂ ಉತ್ತರ ಬಂತು. ನಾನು ಕಾಫಿ ಲೋಟವನ್ನು ಕೆಳಗಿಟ್ಟು ಓದಿದೆ. ಭಾಷೆ ಬಹಳ ಸಭ್ಯವಾಗಿತ್ತು. ನೀವು ಕಳಿಸಿದ ವಿವರವಾದ ನಿರೂಪಣೆಯನ್ನು ಗಮನವಿಟ್ಟು ಓದಿದ್ದೇವೆ, ಅದರ ಪ್ರಕಾರ ಈಗಿನ ನೋವಿಗೆ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತಿದ್ದೇ ಕಾರಣವೆಂದು ಕಾಣುತ್ತದೆ, ಇದು ಸೇವೆಯಲ್ಲಾದ ಪೆಟ್ಟಲ್ಲವಾದ್ದರಿಂದ ಖರ್ಚು ಕೊಡಲಾಗುವುದಿಲ್ಲ. ಹಳೆಯ ಪೆಟ್ಟೇ ಕಾರಣವೆಂದು ವೈದ್ಯರು ಬರೆದುಕೊಟ್ಟರೆ ಮತ್ತೆ ಪರಿಶೀಲಿಸುತ್ತೇವೆ. ಅವರ ತಪ್ಪೇನೂ ಇರಲಿಲ್ಲ. ಓದಿದವರಿಗೆ ನಂಬಿಕೆ ಬರುವ ಹಾಗೆ ನಾನೇ ಬರೆದಿದ್ದೆ.

ಇಂಥದ್ದನ್ನು ಫೋನಿನಲ್ಲಿ ಹೇಳಲಾಗದೆ ಸಿಟಿ ಬಸ್ಸು ಹತ್ತಿದೆ. ಹಿನಕಲ್ ಬಂದರೂ ಏಳಲು ಮನಸ್ಸಾಗದೆ ಮುಂದಿನ ಸ್ಟಾಪಿನಲ್ಲಿಳಿದು ವಾಪಸು ನಡೆದೆ. ಭಾವ ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ಅಕ್ಕ ಅವರ ಪಾದ ಒರೆಸಲು ಬಿಸಿನೀರು ತಂದು, ಮೊದಲು ತನ್ನ ಕೈ ಅದ್ದಿ ನೋಡುತ್ತಿದ್ದಳು. ಸುಟ್ಟರೂ ಅವರಿಗೆ ತಿಳಿಯುತ್ತಿರಲಿಲ್ಲವಲ್ಲ.

‘ಬಂತಾ?’ ಎಂದರು ಭಾವ.

ನಾನು ಫೋನನ್ನು ಅವರ ಕೈಗೆ ಕೊಟ್ಟೆ. ಅವರು ಓದಿದರು. ಮತ್ತೊಮ್ಮೆ ಓದಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ‘ಗ್ಯಾಸ್ ಸಿಲಿಂಡರ್’ ಎಂದಷ್ಟೇ ಹೇಳಿ ಫೋನನ್ನು ಅಕ್ಕನಿಗೆ ದಾಟಿಸಿದರು.

ಅಕ್ಕ ಓದಿ ನನ್ನತ್ತ ತಿರುಗಿದಳು. ‘ಬೆಟ್ಟದ್ ಮಂಜು ಯಾಕೋ ಬರ್ದೆ? ಅವ್ರು ಕೇಳಿದ್ರಾ ನಿನ್ನ?’

‘ಅಕ್ಕ, ಅದು ಹಿನ್ನೆಲೆಗೆ...’

‘ನಿನ್ ಹಿನ್ನೆಲೆ ಮನೆ ಹಾಳಾಗ.’

‘ಬೈಬೇಡ ಬುಡೇ ಅವನ್ನ’ ಎಂದರು ಭಾವ. ಆಮೇಲೆ ನಿಧಾನವಾಗಿ, ‘ದುಡ್ಡಿಂದಲ್ಲ ಕಣೋ ನಂಗೆ. ಲಾರಿ ಉರುಳ್ದಾಗ ನೋಡ್ದವ್ರು ಯಾರೂ ಈಗ ಉಳ್ದಿಲ್ಲ. ಅವ್ರೂ ಇಲ್ಲ ಅಂದ್ಬುಟ್ರೆ ನಾನು ಅಲ್ಲಿ ಬಿದ್ದೇ ಇಲ್ಲ ಅಂದಂಗಾಯ್ತಲ್ಲ’ ಎಂದರು. ನನಗೆ ಆಗ ಅರ್ಥವಾಯಿತು, ಅವರು ಇಷ್ಟು ದಿನ ಕಾಯುತ್ತಿದ್ದದ್ದು ಏನಕ್ಕೆಂದು. ಅದನ್ನೇ ನಾನು ಒಳ್ಳೆಯ ಇಂಗ್ಲಿಷಿನಲ್ಲಿ ಅಳಿಸಿಹಾಕಿದ್ದೆ.

ಅಕ್ಕ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಡಾಕ್ಟರಿಗೆ ಫೋನು ಮಾಡಿದಳು. ಅವರೆಂದರು: ‘ಹಳೇ ಪೆಟ್ಟೇ ಕಾರಣ ಅಂತ ಸುಮ್ಮನೆ ಬರ್ಕೊಡಕ್ಕಾಗಲ್ಲಮ್ಮ. ಆವತ್ತಿನ ಎಕ್ಸ್‌ರೇ ಇದ್ರೆ ತನ್ನಿ, ನೋಡಿ ಹೇಳ್ತೀನಿ. ಇವತ್ತು ಸಂಜೆಯೊಳಗೆ ಬನ್ನಿ. ಆಪರೇಷನ್ ನಾಳೆ ಬೆಳಿಗ್ಗೆ ಆದ್ರೆ ನಾನೇ ಮಾಡ್ತೀನಿ. ಆಮೇಲೆ ತಮ್ಮನ ಮದುವೆಗೆ ಊರಿಗೆ ಹೋಗ್ತಿದೀನಿ. ನಾನು ವಾಪಸ್ ಬರೋವರ್ಗೂ ಆ ಕಾಲು ತಡ್ಕೊಳಲ್ಲ.’

ಎಕ್ಸ್‌ರೇ ಇದ್ದದ್ದು ಭಾವನ ಹಳೆಯ ಟ್ರಂಕಿನಲ್ಲಿ, ಹಿನಕಲ್‌ನ ಮನೆಯಲ್ಲಿ ಜಾಗ ಸಾಲದೆ ಟ್ರಂಕು ಇದ್ದದ್ದು ಅಶೋಕಪುರಂನ ನಮ್ಮ ಮನೆಯ ಅಟ್ಟದ ಮೇಲೆ. ಅಕ್ಕನೂ ನಾನೂ ಆಟೋದಲ್ಲಿ ಓಡಿ ಬಂದೆವು. ಟ್ರಂಕು ಇಳಿಸಿ ಎಲ್ಲವನ್ನೂ ನೆಲಕ್ಕೆ ಹರವಿದೆವು. ಉಣ್ಣೆಯ ಅಂಗಿ, ಸಮವಸ್ತ್ರ, ಪದಕದ ಡಬ್ಬಿ, ಯಾರದೋ ಫೋಟೋಗಳು ಬಂದವು. ಎಕ್ಸ್‌ರೇಯ ದೊಡ್ಡ ಲಕೋಟೆಯೂ ಬಂತು. ಒಳಗೆ ಏನೂ ಇರಲಿಲ್ಲ. ಅಕ್ಕ ಆ ಖಾಲಿ ಲಕೋಟೆಯೊಳಗೆ ಮೊಣಕೈವರೆಗೆ ಕೈಹಾಕಿ ತಡಕಾಡುತ್ತಲೇ ಇದ್ದಳು. ಅವಳು ಅಳುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದು ಬಿಟ್ಟರೆ ಅವತ್ತೇ.

ಎಲೆಅಡಿಕೆ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದ ಅಮ್ಮ, ‘ಏನ್ ಉಡುಕ್ತಿದ್ದೀರಿ?’ ಎಂದಳು.

‘ಎಕ್ಸ್‌ರೇ ಅಮ್ಮ. ಕಪ್ಪಗೆ, ದೊಡ್ಡದು, ಪ್ಲಾಸ್ಟಿಕ್ ತರ ಇರುತ್ತೆ.’

‘ಆ ಕರೀ ಆಳೆನಾ? ಬಚ್ಚಲಲ್ಲಿ ಐತಲ್ಲೋ. ವೆಂಟಿಲೇಟರ್ ಗಾಜು ಒಡ್ದೋಗಿತ್ತು, ಚಳಿಗಾಳಿ ಬರ್ತದೆ ಅಂತ ನಾನೇ ಅಂಟಿಸ್ದೆ.’

ದಿನಾ ಸ್ನಾನ ಮಾಡುವಾಗ ನಾನು ಅದನ್ನೇ ನೋಡುತ್ತಿದ್ದೆ. ಬಿಸಿಲು ಬಿದ್ದಾಗ ನಡುವೆ ಬೆಳ್ಳಗೆ ಏನೋ ಕಾಣುತ್ತಿತ್ತು, ಬಳ್ಳಿಯ ಚಿತ್ರವಿರಬೇಕು ಎಂದುಕೊಂಡಿದ್ದೆ. ಸ್ಟೂಲು ಹತ್ತಿ ಟೇಪು ಬಿಡಿಸತೊಡಗಿದೆ. ಕೆಳಗೆ ಸ್ಟೂಲು ಹಿಡಿದಿದ್ದ ಅಕ್ಕ ‘ಹರೀಬೇಡ್ವೋ, ನಿಧಾನ’ ಎನ್ನುತ್ತಿದ್ದಳು. ಒಂದು ಮೂಲೆ ಹರಿದೇಬಿಟ್ಟಿತು. ಮಿಕ್ಕಿದ್ದು ಬಂತು. ಸೋಪಿನ ಕಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದೆವು. ಬೆನ್ನುಮೂಳೆ ಇತ್ತು. ಅದು ಹೇಳುವಂಥದ್ದೇನಾದರೂ ಉಳಿದಿದೆಯೋ ಇಲ್ಲವೋ ನಮಗೆ ತಿಳಿಯಲಿಲ್ಲ. ಭಾವನಿಗೆ ಫೋನು ಮಾಡಿ ನೇರವಾಗಿ ಆಸ್ಪತ್ರೆಗೆ ಬರಲು ಹೇಳಿದೆವು.

ಡಾಕ್ಟರ್ ಶಾಲಿನಿ ಫಿಲ್ಮನ್ನು ಲೈಟಿನ ಪೆಟ್ಟಿಗೆಗೆ ಸಿಕ್ಕಿಸಿ ಕತ್ತು ಓರೆ ಮಾಡಿ ನೋಡಿದರು. ಪಕ್ಕದಲ್ಲಿ ಹೊಸ ಸ್ಕ್ಯಾನು ಇಟ್ಟುಕೊಂಡರು. ಹರಿಯದೆ ಉಳಿದ ಒಂದು ಮೂಲೆಯಲ್ಲಿ ಭಾವನ ಹೆಸರೂ ಸೈನ್ಯದ ಆಸ್ಪತ್ರೆಯ ಗುರುತೂ ಮಸುಕಾಗಿ ಕಾಣುತ್ತಿದ್ದವು. ಕೊನೆಗೆ ಅವರು ಪೆನ್ನಿನ ತುದಿಯಿಂದ ಒಂದು ಕಡೆ ತೋರಿಸಿದರು.

‘ಇಲ್ನೋಡಿ ಸರ್. ಆವತ್ತು ಬಿದ್ದಾಗ ಮುರಿದಿದ್ದು ಇಲ್ಲೇ. ಈಗ ಡಿಸ್ಕ್ ಜಾರಿರೋದೂ ಇದೇ ಜಾಗದಲ್ಲಿ. ನಿಮಗೆ ಬಲವಾಗೇ ಪೆಟ್ಟಾಗಿತ್ತು. ಸಿಲಿಂಡರ್ ಎತ್ತದಿದ್ರೂ ಒಂದಿನ ಹೀಗಾಗ್ತಿತ್ತು.’

ಭಾವ ಕುರ್ಚಿಯಿಂದೆದ್ದು, ಎಡಗಾಲು ಎಳೆಯುತ್ತ ಹೋಗಿ, ಬೆಳಕಿನಲ್ಲಿದ್ದ ತಮ್ಮ ಬೆನ್ನನ್ನು ತಾವೇ ನೋಡಿದರು. ಬಹಳ ಹೊತ್ತು ನೋಡಿದರು. ‘ಕಾಣುತ್ತಾ ಮೇಡಂ?’ ಎಂದರು.

‘ಚೆನ್ನಾಗಿ ಕಾಣುತ್ತೆ ಸರ್.’

‘ಹಂಗಾದ್ರೆ ನಾಳೆ ಮಾಡ್ಬುಡಿ’ ಎಂದರು ಭಾವ. ಹೊರದೇಶದ ಕಚೇರಿಯ ಉತ್ತರದ ಮಾತೇ ಎತ್ತಲಿಲ್ಲ.

ಮರುದಿನ ಆಪರೇಷನ್ ಕೋಣೆಯ ಹೊರಗೆ ಅಕ್ಕನೂ ನಾನೂ ಕೂತೆವು. ಜೀವಮಾನವೆಲ್ಲ ಆ ಬಾಗಿಲಿನ ಒಳಗಿದ್ದವಳು ಅಕ್ಕ. ಹೊರಗೆ ಕೂರುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಏಳುವಳು, ಕೂರುವಳು, ಬೋಳುಗೈ ತಿರುಗಿಸಿಕೊಳ್ಳುವಳು. ಬಳೆಗಳು ಹಿಂದಿನ ಸಂಜೆಯೇ ಗಿರವಿಗೆ ಹೋಗಿದ್ದವು. ‘ಏನಾದ್ರೂ ಮಾತಾಡೋ, ಸುಮ್ನೆ ಕೂತ್ಕೊಬೇಡ’ ಎಂದಳು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಹತ್ತಿರ ಒಂದು ವಾಕ್ಯವೂ ಇರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಡಾಕ್ಟರ್ ಬಂದು, ಆಪರೇಷನ್ ಚೆನ್ನಾಗಿ ಆಯಿತು, ಕಾಲಿನ ವಿಷಯ ಎಚ್ಚರವಾದ ಮೇಲೆ ನೋಡೋಣ ಎಂದು ಹೋದರು. ಆ ‘ನೋಡೋಣ’ವನ್ನು ಹೊತ್ತುಕೊಂಡು ಮಧ್ಯಾಹ್ನ ಕಳೆದೆವು. ಭಾವ ಕಣ್ಣುಬಿಟ್ಟ ಮೇಲೆ ಅಕ್ಕ ಹೊದಿಕೆ ಸರಿಸಿ ಎಡ ಅಂಗಾಲನ್ನು ಉಗುರಿನಿಂದ ಗೀರಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಗೀರಿದಳು. ಹೆಬ್ಬೆರಳು ಅಲುಗಿತು.

‘ಕಚಗುಳಿ ಇಡ್ಬೇಡ ಕಣೇ’ ಎಂದರು ಭಾವ, ಕಣ್ಣು ಮುಚ್ಚಿಕೊಂಡೇ.

ವೈದ್ಯರು ಬರೆದುಕೊಟ್ಟದ್ದು ಎರಡೇ ಸಾಲು. ಅದನ್ನು ಬಿಲ್ಲುಗಳ ಜೊತೆ ಅಕ್ಕನೇ ಕಳಿಸಿದಳು. ನಾನು ಅಲ್ಪವಿರಾಮ ನೋಡಿಕೊಡುತ್ತೇನೆಂದರೂ ಹತ್ತಿರ ಸೇರಿಸಲಿಲ್ಲ. ಕೆಲವು ವಾರಗಳ ನಂತರ ಒಪ್ಪಿಗೆ ಬಂತು, ಹಿಂದಿನದಕ್ಕೂ ಆಪರೇಷನ್ನಿಗೂ. ಬಳೆ ಮನೆಗೆ ಬಂತು. ಅವತ್ತು ಹಿನಕಲ್‌ನಲ್ಲಿ ಊಟ. ಅಕ್ಕ ಆ ಪತ್ರವನ್ನು ಎಲ್ಲರೆದುರು ಓದಿದಳು. ಕೊನೆಯಲ್ಲಿ, ಮುಂದೆ ವೈದ್ಯರ ಟಿಪ್ಪಣಿಯೊಂದೇ ಸಾಕು, ಕುಟುಂಬದವರ ನಿರೂಪಣೆಯ ಅಗತ್ಯವಿಲ್ಲ ಎಂದು ಅವರು ಸೇರಿಸಿದ್ದರು. ಆ ಸಾಲನ್ನು ಅಕ್ಕ ಮತ್ತೊಮ್ಮೆ ಓದಿದಳು. ಅಮ್ಮನಿಗಾಗಿ ಕನ್ನಡದಲ್ಲೂ ಹೇಳಿದಳು. ನಾನು ತಲೆ ತಗ್ಗಿಸಿ ಹುಳಿಯನ್ನ ಕಲಸುತ್ತಿದ್ದೆ. ಭಾವನಿಗೆ ಪಾಪ ಅನ್ನಿಸಿರಬೇಕು. ಹೊಸ ಊರುಗೋಲನ್ನು ಗೋಡೆಗೆ ಒರಗಿಸಿ ಪಕ್ಕದಲ್ಲಿ ಕೂತು, ನನ್ನ ಭುಜ ತಟ್ಟಿ, ‘ಬೇಜಾರ್ ಮಾಡ್ಕೊಬೇಡ್ವೋ. ನೀನು ಬರ್ದಿದ್ದು ನಾನು ಓದ್ದೆ. ಬೋ ಚೆನ್ನಾಗಿತ್ತು’ ಎಂದರು.

ನಾನು ತುತ್ತನ್ನು ಎಲೆಯ ಮೇಲೆ ಬಿಟ್ಟು, ‘ಹೌದಾ ಭಾವ? ಯಾವ ಭಾಗ?’ ಎಂದು ಕೇಳಿದೆ.