ಮದುವೆಗೊಂದು ವಯಸ್ಸು, ಕಾರಿಗೊಂದು ವಯಸ್ಸು

ಹದಿಮೂರು ವರ್ಷದಿಂದ ಟೆಕ್ಸಸ್‌ನ ಪ್ಲೇನೋದಲ್ಲಿ ಕೂತು ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕನ್ನಡಿಗರಿಗೆ ಕಾರ್ ಇನ್ಶೂರೆನ್ಸ್ ಮಾರುತ್ತಿದ್ದೇನೆ. ಎರಡು ಪ್ರಶ್ನೆ ಕೇಳಿದಾಗ ಮಾತ್ರ ಫೋನಿನ ಆ ಕಡೆ ಗಂಟಲು ಸರಿಮಾಡಿಕೊಳ್ಳುವ ಸದ್ದು ಬರುತ್ತದೆ. ವಯಸ್ಸೆಷ್ಟು? ಕೆಲಸವೇನು? ಮನೆಯಲ್ಲಿ ಇಪ್ಪತ್ತೈದು ದಾಟದ ಮಕ್ಕಳಿದ್ದರಂತೂ ಕೇಳುವುದೇ ಬೇಡ. ಚಿಕ್ಕ ವಯಸ್ಸಿಗೆ ದುಡ್ಡು ಜಾಸ್ತಿ, ಕೆಲವು ಕೆಲಸಗಳಿಗೆ ಇನ್ನೂ ಜಾಸ್ತಿ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ" ಅನ್ನುತ್ತಾರೆ. ನಾನು ಮಾಡಿಕೊಳ್ಳುವುದಿಲ್ಲ. ಅದಕ್ಕೇ ನಮ್ಮ ಕನ್ನಡ ಸಂಘದಲ್ಲಿ ನನಗೆ ಜಂಬದವಳು ಅಂತ ಹೆಸರು. ಇರಲಿ ಬಿಡಿ.

ರೂಢಿಯ ವಯಸ್ಸು

ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ನಿಂದ ಒಬ್ಬ ತಾಯಿ ಫೋನ್ ಮಾಡಿದರು. ಮಗ ಸಾಫ್ಟ್‌ವೇರ್ ಇಂಜಿನಿಯರ್, ಹೊಸ ಕಾರು ತೆಗೆದುಕೊಂಡಿದ್ದಾನೆ.

"ವಯಸ್ಸು?"

"ಇಪ್ಪತ್ನಾಲ್ಕು."

ರೇಟ್ ಹೇಳಿದೆ. ಆ ಕಡೆ ಪಾತ್ರೆ ಬಿದ್ದ ಸದ್ದಾಯಿತು.

"ಅಷ್ಟೊಂದಾ? ಯಾಕೆ?"

"ಇಪ್ಪತ್ತೈದರ ಒಳಗಿನ ಹುಡುಗರು ಜಾಸ್ತಿ ಗುದ್ದುತ್ತಾರೆ ಅಂತ ಕಂಪನಿಯವರ ಲೆಕ್ಕ."

ಪಾತ್ರೆ ಎತ್ತಿಟ್ಟು, "ಇಪ್ಪತ್ತಾರು ಅಂತ ಹಾಕಿದ್ರೆ?" ಅಂದರು.

"ಮೇಡಂ, ಇದು ತರಕಾರಿ ಅಂಗಡಿ ಅಲ್ಲ. ಲೈಸೆನ್ಸ್‌ನಲ್ಲಿ ಏನಿದೆ ಅದನ್ನ ಹೇಳಿ."

"ಇಪ್ಪತ್ತಾರೇ ಇರೋದು. ಇಪ್ಪತ್ನಾಲ್ಕು ಮದುವೆಗೆ ಹೇಳೋ ವಯಸ್ಸು. ಬಾಯಿಗೆ ಅದೇ ರೂಢಿಯಾಗಿಬಿಟ್ಟಿದೆ."

ರೇಟ್ ಇಳಿಯಿತು. ಆಮೇಲೆ ಹುಡುಗನ ಡ್ರೈವಿಂಗ್ ರೆಕಾರ್ಡ್ ತೆಗೆಸಿದೆ, ಮತ್ತೆ ಏರಿತು. ಅದರಲ್ಲಿ ಏನಿತ್ತು ಅಂತ ನಾನು ಯಾರಿಗೂ ಹೇಳುವ ಹಾಗಿಲ್ಲ. ಗ್ರಾಹಕರ ಗುಟ್ಟು ನನ್ನ ಹೊಟ್ಟೆಯೊಳಗೇ ಇರಬೇಕು, ಅದು ನನ್ನ ಕೆಲಸದ ನಿಯಮ. ತಾಯಿ ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಕೇಳಿದರು, "ಇದನ್ನ ಬಯೋಡೇಟಾದಲ್ಲಿ ಹಾಕ್ಬೇಕು ಅಂತೇನೂ ಇಲ್ಲ ಅಲ್ವಾ?"

ಫಸ್ಟ್ ಕ್ಲಾಸ್

ನಮ್ಮ ಬೀದಿಯಲ್ಲೇ ಧಾರವಾಡ ಕಡೆಯವರೊಬ್ಬರು ಇದ್ದಾರೆ. ಅವರ ಮಗಳಿಗೆ ಹದಿನೇಳು, ಇಲ್ಲಿ ಕಾರ್ ಓಡಿಸುವ ವಯಸ್ಸು; ಅವಳಿಗೆ ಇನ್ಶೂರೆನ್ಸ್ ಕೇಳಲು ಬಂದರು. ಚೆನ್ನಾಗಿ ಓದುವ ಮಕ್ಕಳಿಗೆ ಕಂಪನಿಯವರು ರೇಟ್ ಕಡಿಮೆ ಮಾಡುತ್ತಾರೆ, ಬಿ ಗ್ರೇಡ್ ಬಂದರೂ ಸಾಕು, ಅಂತ ಹೇಳಿ ಕಳಿಸಿದೆ. ಮಾರನೇ ದಿನ ಮಗಳನ್ನೂ ಕರೆದುಕೊಂಡು ಫೈಲ್ ಹಿಡಿದು ಬಂದರು. ಒಳಗೆ ಲ್ಯಾಮಿನೇಟ್ ಮಾಡಿಸಿದ ಮಾರ್ಕ್ಸ್ ಕಾರ್ಡ್, ಅಂಚಿನಲ್ಲಿ ಹಳದಿ ಬಣ್ಣಕ್ಕೆ ತಿರುಗಿದೆ.

"ಸರ್, ಇದು ನಿಮ್ಮದು."

"ಹೌದ್ರಿ. ಫಸ್ಟ್ ಕ್ಲಾಸ್ ಅದ, ಡಿಸ್ಟಿಂಕ್ಷನ್. ಸರಿಯಾಗಿ ನೋಡ್ರಿ."

"ನನಗೆ ಮಗಳ ಗ್ರೇಡ್ ಬೇಕು."

"ಆಕೀದು ಕೇಳಬ್ಯಾಡ್ರಿ."

ಮಗಳು ನೆಲ ನೋಡುತ್ತ, "ಅಪ್ಪಾ, ಪ್ಲೀಸ್, ಲೆಟ್ಸ್ ಗೋ" ಅಂದಳು. ಆಗುವುದಿಲ್ಲ ಅಂತ ನಾನು ಕಾರ್ಡ್ ವಾಪಸ್ ಕೊಟ್ಟೆ. ಅವರಿಗೆ ನಿಜವಾಗಿ ಸಿಟ್ಟು ಬಂತು. "ಫೀ ಕಟ್ಟಾಂವ ನಾನು, ಪ್ರೀಮಿಯಂ ಕಟ್ಟಾಂವ ನಾನು. ಮನ್ಯಾಗ ಒಬ್ಬರು ಓದಿದ್ರ ಸಾಕಾಗಂಗಿಲ್ಲೇನ್ರೀ?"

ನಮ್ಮ ಮನೆಯ ಅರ್ಜಿ

ಊರವರ ಬಾಯಲ್ಲೆಲ್ಲ ಸತ್ಯ ಹೇಳಿಸುವ ನನ್ನ ಮನೆಗೇ ಒಂದು ದಿನ ಆ ಪ್ರಶ್ನೆ ಬಂತು.

ಮಗಳಿಗೆ ಇಪ್ಪತ್ಮೂರು. ಆಸ್ಟಿನ್‌ನಲ್ಲಿ ಓದು ಮುಗಿಸಿ, ಅಲ್ಲೇ ಒಂದು ಆಫೀಸಿನಲ್ಲಿ ಆರು ತಿಂಗಳು ಸ್ಕ್ರೀನ್ ನೋಡಿ ಬೇಸತ್ತು, ಕೆಲಸ ಬಿಟ್ಟು, ಪಕ್ಕದ ಫ್ಲೂಗರ್‌ವಿಲ್ ಕಡೆ ಸ್ಕೂಲ್ ಬಸ್ ಓಡಿಸಲು ಸೇರಿಕೊಂಡಳು. ಖುಷಿಯಾಗಿದ್ದಾಳೆ. ನಮ್ಮನೆಯವರಿಗೆ ಖುಷಿಯಿಲ್ಲ. ಯಾರು ಕೇಳಿದರೂ "ಎಜುಕೇಶನ್ ಫೀಲ್ಡ್‌ನಲ್ಲಿದ್ದಾಳೆ" ಅನ್ನುತ್ತಾರೆ. ಪಕ್ಕದಲ್ಲಿ ನಿಂತು ನಾನೂ ತಲೆ ಆಡಿಸಿದ್ದೇನೆ. ನನಗೆ ನಾಚಿಕೆಯಾಗಬೇಕು, ಆಗಿದೆ.

ಅವಳು ರಜೆಗೆ ಬಂದಾಗ ಊಟದ ಮೇಜಿನ ಹತ್ತಿರ ಅವಳ ಕಾರಿನ ಇನ್ಶೂರೆನ್ಸ್ ಅರ್ಜಿ ತುಂಬಲು ಕೂತೆವು. ಕೆಲಸದ ಕಾಲಂ ಬಂತು. "ಎಜುಕೇಶನ್ ಅಂತ ಹಾಕು. ರೇಟೂ ಕಮ್ಮಿ, ಮರ್ಯಾದೆನೂ ಉಳಿಯುತ್ತೆ" ಅಂದರು ನಮ್ಮನೆಯವರು. ನಾನು ಬಾಯಿ ತೆಗೆಯುವ ಮೊದಲೇ ಮಗಳು ಲ್ಯಾಪ್‌ಟಾಪ್ ಎಳೆದುಕೊಂಡು ತಾನೇ ಟೈಪ್ ಮಾಡಿದಳು: ಸ್ಕೂಲ್ ಬಸ್ ಡ್ರೈವರ್.

ರೇಟ್ ಬಂತು. ಇಪ್ಪತ್ತೈದರ ಒಳಗಿನವಳು, ಅದಕ್ಕೇ ದುಬಾರಿ.

"ವೇಟ್, ಅಮ್ಮಾ. ಐವತ್ತು ಮಕ್ಕಳನ್ನ ಕೂರಿಸ್ಕೊಂಡು ಹೋಗೋಕೆ ಐ ಆಮ್ ಓಕೆ. ಒಬ್ಬಳೇ ಅಂಗಡಿಗೆ ಹೋಗೋಕೆ ನಾನು ಚಿಕ್ಕವಳಾ?"

ರೋಷದಿಂದ ಕಂಪನಿಗೇ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದೆ. "ಒಳ್ಳೆಯ ಪ್ರಶ್ನೆ" ಅಂದು ಅವರು ಹೋಲ್ಡ್‌ನಲ್ಲಿಟ್ಟು ಅರ್ಧ ಗಂಟೆ ಸಂಗೀತ ಕೇಳಿಸಿದರು.

ಹುಡುಗಿ ನೋಡುವ ಶಾಸ್ತ್ರ

ಇಷ್ಟರಲ್ಲಿ ಸಂಘದವರ ಮೂಲಕ ಒಂದು ಸಂಬಂಧ ಬಂತು. ಹುಡುಗನ ಬಯೋಡೇಟಾದಲ್ಲಿ ಹೆಸರನ್ನು ಎರಡು ಸಲ ಓದಿದೆ. ಊರು, ದ ವುಡ್‌ಲ್ಯಾಂಡ್ಸ್. ವಯಸ್ಸು, ಇಪ್ಪತ್ನಾಲ್ಕು.

"ಈ ಸಂಬಂಧ ಬೇಡ" ಅಂದೆ.

"ಯಾಕೆ?" ಅಂದರು ನಮ್ಮನೆಯವರು.

"ಹೇಳೋ ಹಾಗಿಲ್ಲ."

"ಇದೇ ನಿನ್ನ ಜಂಬ" ಅಂದು ಅವರು ಬರಹೇಳಿಯೇಬಿಟ್ಟರು. ನಮ್ಮ ಕಡೆಯ ಬಯೋಡೇಟಾದಲ್ಲಿ "ಎಜುಕೇಶನ್ ಫೀಲ್ಡ್" ಅಂತ ಬರೆದು ಆಗಲೇ ಕಳಿಸಿಯೂ ಆಗಿತ್ತು. ಮಗಳು, "ಬರಲಿ. ಕೆಲಸ ಏನು ಅಂತ ನಾನೇ ಹೇಳ್ತೀನಿ" ಅಂದಳು.

ಭಾನುವಾರ ಬಂದರು. ನನ್ನ ದನಿಯಿಂದಲೇ ಗುರುತು ಹಿಡಿದ ಹುಡುಗನ ತಾಯಿ ಕಣ್ಣಲ್ಲೇ ಕೈಮುಗಿದರು. ಏನಾದರೂ ಬಾಯಿ ಜಾರೀತು ಅಂತ ನಾನು ಒಂದರ ಹಿಂದೆ ಒಂದು ಕೋಡುಬಳೆ ಕಡಿಯುತ್ತ ಕೂತೆ. ಮಗಳು ಬಂದು ಕೂತವಳೇ, "ಆಂಟಿ, ನಾನು ಸ್ಕೂಲ್ ಬಸ್ ಡ್ರೈವರ್" ಅಂದಳು. ನಮ್ಮನೆಯವರ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು.

ತಾಯಿ ಸುಧಾರಿಸಿಕೊಂಡು, "ಪರವಾಗಿಲ್ಲಮ್ಮ. ನಾವು ಅಡ್ಜಸ್ಟ್ ಮಾಡ್ಕೊಳ್ತೀವಿ. ಮದುವೆ ಆದ್ಮೇಲೆ ಬಿಟ್ರಾಯ್ತು" ಅಂದರು.

ಮಗಳು ಹುಡುಗನ ಕಡೆ ತಿರುಗಿದಳು. "ಜೋರಾಗಿ ಓಡಿಸಿದ್ದಕ್ಕೆ ಪೊಲೀಸರು ನಿಮಗೆ ಎಷ್ಟು ಸ್ಪೀಡಿಂಗ್ ಟಿಕೆಟ್ ಕೊಟ್ಟಿದ್ದಾರೆ?"

ಹುಡುಗ ಪಾಪ, ಸುಳ್ಳು ಬಾರದವನು. "ಫೋರ್" ಅಂದ. ತಾಯಿ ಅವನ ತೊಡೆ ಚಿವುಟಿದರು. ಅವನು ಇನ್ನೂ ಗಾಬರಿಯಾಗಿ, "ಫೈವ್, ಇಫ್ ಯು ಕೌಂಟ್ ದಿಸ್ ಮಾರ್ನಿಂಗ್" ಅಂದ.

"ಸಾರಿ ಆಂಟಿ" ಅಂದಳು ಮಗಳು. "ಮದುವೆ ಆದ್ರೆ ಇಬ್ಬರೂ ಒಂದೇ ಪಾಲಿಸಿಗೆ ಬರ್ತೀವಿ. ನನ್ನ ರೆಕಾರ್ಡ್ ಕ್ಲೀನ್ ಇದೆ, ಇವರಿಂದ ನನ್ನ ರೇಟೂ ಏರುತ್ತೆ. ನಾನು ಅಡ್ಜಸ್ಟ್ ಮಾಡ್ಕೊಳ್ಳಲ್ಲ."

ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಕೋಡುಬಳೆಯನ್ನು ನಾನು ಮಗಳ ಕೈಗಿಟ್ಟೆ.

ಅವರು ಹೋದ ಮೇಲೆ ಮನೆಯಲ್ಲಿ ದೊಡ್ಡ ಜಗಳವಾಗುತ್ತದೆ ಅಂತ ಸೆರಗು ಸಿಕ್ಕಿಸಿಕೊಂಡು ತಯಾರಾಗಿ ನಿಂತಿದ್ದೆ. ನಮ್ಮನೆಯವರು ಆರಿದ ಕಾಫಿ ಕುಡಿದು ಮುಗಿಸಿ, "ಬಿಟ್ರಾಯ್ತು ಅಂತೆ. ಯಾಕೆ ಬಿಡಬೇಕು? ಐವತ್ತು ಮನೆಯವರು ತಮ್ಮ ಮಕ್ಕಳನ್ನ ನಂಬಿ ಇವಳ ಬಸ್ ಹತ್ತಿಸ್ತಾರೆ" ಅಂದರು.

ಮುಂದಿನ ವಾರ ಇನ್ನೊಂದು ಸಂಬಂಧದವರು ಫೋನ್ ಮಾಡಿದರು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ಕಿವಿ ಕೊಟ್ಟು ನಿಂತೆ. ನಮ್ಮನೆಯವರ ದನಿ ಹಜಾರ ತುಂಬಿಕೊಂಡಿತ್ತು.

"ನನ್ನ ಮಗಳು ಸ್ಕೂಲ್ ಬಸ್ ಡ್ರೈವರ್. ಹೌದು, ಬಸ್ಸೇ. ಹಳದಿ ಬಸ್ಸು. ಹುಡುಗನ ಓದು, ಕೆಲಸ ಎಲ್ಲಾ ಆಮೇಲೆ ಹೇಳಿ ಸ್ವಾಮಿ. ಮೊದಲು ಸ್ಪೀಡಿಂಗ್ ಟಿಕೆಟ್ ಎಷ್ಟಿವೆ ಹೇಳಿ."